ಲಾಭ, ಎರಡು, ಮೂರು

ನಾನು ಚಿಕ್ಕವನಿದ್ದಾಗ ನಿಮ್ಮ ಹಾಗೆಯೇ ಒಂದು ವರ್ಷ ಶಾಲೆಯ ಮುಖ ನೋಡದೆ ಮನೆಯಲ್ಲೇ ಕಲಿತವನು. ಹೌದು ಮಕ್ಕಳೇ, ನಿಮ್ಮ ತಾತನೇ! ಮನೆಯಲ್ಲಿ ಕೂತು ಓದುವುದನ್ನು ನಿಮ್ಮಮ್ಮನೇ ಹೊಸದಾಗಿ ಕಂಡುಹಿಡಿದಳು ಅಂದುಕೊಂಡಿದ್ದೀರಿ ನೀವು. ನಿನ್ನೆ ಸಂಜೆ ಕೆಂಗೇರಿ ಅಜ್ಜಿಯ ಫೋನ್ ಬಂದಾಗ ನಿಮ್ಮಲ್ಲಿ ಒಬ್ಬಳು ಬಾತ್‌ರೂಮಿಗೆ ಓಡಿದಳು, ಇನ್ನೊಬ್ಬ ಫೋನನ್ನೇ ದಿಂಬಿನ ಕೆಳಗೆ ತುರುಕಿದ. ಇವತ್ತಂತೂ ಸಂಜೆಯಾಗುವ ಮೊದಲೇ ಅದು ದಿಂಬಿನ ಕೆಳಗೆ ಸೇರಿದೆ. "ದಿನಾ ಏನ್ ಕಲಿತ್ರಿ, ಏನ್ ಕಲಿತ್ರಿ ಅಂತ ಟೆಸ್ಟ್ ಮಾಡ್ತಾರೆ ತಾತ, ಬೋರು" ಅಂದಿರಿ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅದಕ್ಕೇ ಈ ಕಥೆ. ಇದರಲ್ಲಿ ಬರುವ ಅಕ್ಕ ಬೇರೆ ಯಾರೂ ಅಲ್ಲ, ನಿಮ್ಮ ಕೆಂಗೇರಿ ಅಜ್ಜಿಯೇ.

ಆಗ ನಮ್ಮ ಮೂಡಲಪಾಳ್ಯ ಒಂದು ಹಳ್ಳಿ. ಈಗ ಬಸ್ಸು ನಿಲ್ಲುವಲ್ಲಿ ರಾಗಿ ಹೊಲ, ಅದರ ಅಂಚಿಗೆ ಹುಣಸೆ ಮರ, ಆಚೆಗೆ ಕೆರೆ. ಶಾಲೆ ಇದ್ದದ್ದು ಹೊಲ ದಾಟಿ ಪಕ್ಕದ ಊರಿನಲ್ಲಿ, ಎಲ್ಲ ಕ್ಲಾಸೂ ಒಂದೇ ಉದ್ದನೆಯ ಕೋಣೆಯಲ್ಲಿ. ಎರಡನೇ ಕ್ಲಾಸಿಗೆ ಬಂದಾಗ ನನಗೆ ಒಬ್ಬ ಬೆತ್ತದ ಮೇಷ್ಟ್ರು ಸಿಕ್ಕರು. ಬಾಯಿಗಿಂತ ಅವರ ಬೆತ್ತವೇ ಹೆಚ್ಚು ಮಾತಾಡುತ್ತಿತ್ತು. ತಪ್ಪು ಹೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಉಳಿದವರಿಂದ ಗೊಳ್ಳೆಂದು ನಗಿಸುತ್ತಿದ್ದರು. ದಿನಾ ಬೆಳಿಗ್ಗೆ ಹೊರಡುವ ಹೊತ್ತಿಗೆ ನಾನು ಜಗಲಿಯ ಕಂಬ ತಬ್ಬಿಕೊಳ್ಳುತ್ತಿದ್ದೆ. ಕುಡಿದ ಗಂಜಿ ಬಾಗಿಲಲ್ಲೇ ವಾಂತಿಯಾಗುತ್ತಿತ್ತು. ಬರುಬರುತ್ತಾ ಮನೆಯಲ್ಲೂ ನಾನು ಬಾಯಿ ಬಿಡುವುದು ನಿಂತುಹೋಯಿತು.

ಅಪ್ಪ ಒಂದು ದಿನ ನನ್ನ ಚೀಲವನ್ನು ತೆಗೆದು ಗೂಟಕ್ಕೆ ನೇತುಹಾಕಿದರು. "ನಾಳೆಯಿಂದ ಹೋಗ್ಬೇಡ ಬಿಡು. ಮೊದ್ಲು ಹೊಟ್ಟೆ ತುಂಬಾ ಉಣ್ಣು. ನಗೋದು ಕಲಿ. ಆಮೇಲೆ ನೋಡಾಣ" ಅಂದರು. ಊರವರು ಏನೇನೋ ಅಂದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಹಿಂದೆ ಹೊಲಕ್ಕೆ ಹೋದೆ, ಎಮ್ಮೆಯ ಬೆನ್ನು ತಿಕ್ಕಿದೆ, ಮಧ್ಯಾಹ್ನ ಹೊಂಗೆಯ ನೆರಳಲ್ಲಿ ಮಲಗಿ ಎದ್ದೆ. ಪಾಠದ ಮಾತು ಯಾರೂ ಎತ್ತಲಿಲ್ಲ. ವಾಂತಿ ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಆಮೇಲೆ ನನಗೆ ಪಾಠ ಹೇಳಲು ಅಕ್ಕ ಮುಂದೆ ಬಂದಳು. ಏಳನೇ ಕ್ಲಾಸಿನ ತನಕ ಎಲ್ಲರಿಗಿಂತ ಮುಂದಿದ್ದ ಹುಡುಗಿ ಅವಳು. ಹೈಸ್ಕೂಲು ದೂರ, ಹೆಣ್ಣುಹುಡುಗಿಯನ್ನು ಅಷ್ಟು ದೂರ ಕಳಿಸುವುದು ಹೇಗೆ ಎಂದು ಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದರು. ಮುಸುರೆ ತೊಳೆದು, ಸೌದೆ ಜೋಡಿಸಿ, ಮಧ್ಯಾಹ್ನ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಮೊರದ ತುಂಬ ರಾಗಿ ಹರಡಿ ಅದರ ಮೇಲೆ ಬೆರಳಲ್ಲಿ ಅಕ್ಷರ ಬರೆಸುತ್ತಿದ್ದಳು. ರಾಗಿ ತಣ್ಣಗೆ ಬೆರಳಿಗೆ ಕಚಗುಳಿ ಇಡುತ್ತಿತ್ತು. ತಪ್ಪಾದರೆ ಮೊರವನ್ನು ಒಮ್ಮೆ ಅಲ್ಲಾಡಿಸಿದರಾಯಿತು, ತಪ್ಪು ಇದ್ದದ್ದೇ ಸುಳ್ಳು! ಬೆತ್ತವೂ ಇಲ್ಲ, ಬೆಂಚೂ ಇಲ್ಲ. ನಾನು ಓದಿದರೆ ಅವಳ ಮುಖ ಅರಳುತ್ತಿತ್ತು. ಅದನ್ನು ನೋಡುವುದಕ್ಕೇ ನಾನು ಓದುತ್ತಿದ್ದೆ.

ಎಣಿಕೆ ಕಲಿಸಿದ್ದು ಮಾತ್ರ ಅಪ್ಪ. ಸುಗ್ಗಿಯಲ್ಲಿ ಕಣದ ತುಂಬ ರಾಗಿಯ ರಾಶಿ ಬಿದ್ದಿತ್ತು, ಗಾಳಿಯಲ್ಲೆಲ್ಲ ಹೊಟ್ಟಿನ ಧೂಳು. ಅಪ್ಪ ಸೇರಿನಲ್ಲಿ ಅಳೆದು ಸುರಿಯುತ್ತಿದ್ದರು, ಅಕ್ಕ ಗೋಣಿಚೀಲದ ಬಾಯಿ ಹಿಡಿಯುತ್ತಿದ್ದಳು. ಎಷ್ಟಾಯಿತು ಎಂದು ಜೋರಾಗಿ ಕೂಗುವ ಕೆಲಸ ನನ್ನದು. ನನ್ನ ದನಿ ನಿಂತರೆ ಲೆಕ್ಕ ತಪ್ಪಿತು! ಹಾಗಾಗಿ ಅಷ್ಟು ದಿನ ಮುಚ್ಚಿದ್ದ ನನ್ನ ಬಾಯಿ ಕಣದಲ್ಲಿ ತೆರೆಯಿತು. ಅಲ್ಲಿ ಮೊದಲ ಅಳತೆಗೆ 'ಒಂದು' ಎನ್ನುವ ಹಾಗಿಲ್ಲ. 'ಲಾಭ' ಎನ್ನಬೇಕು. ಹಾಗೆಂದರೆ ರಾಶಿ ಹೆಚ್ಚುತ್ತದೆ ಎಂಬ ನಂಬಿಕೆ. "ಲಾಭ, ಎರಡು, ಮೂರು" ಎಂದು ನಾನು ಕೂಗಿದರೆ ಪಕ್ಕದ ಕಣದವರೂ ತಿರುಗಿ ನೋಡುತ್ತಿದ್ದರು.

ಮುಂದಿನ ಜೂನಿನಲ್ಲಿ ಬೆತ್ತದ ಮೇಷ್ಟ್ರಿಗೆ ವರ್ಗವಾಗಿ ಹೊಸ ಹೆಡ್‌ಮೇಷ್ಟ್ರು ಬಂದರು. ಅಪ್ಪ ಹೋಗಿ ಕೇಳಿದ್ದಕ್ಕೆ, "ಕರ್ಕೊಂಡು ಬನ್ನಿ. ಓದೋದು, ಎಣಿಸೋದು ಬಂದ್ರೆ ಮೂರನೇ ಕ್ಲಾಸಿಗೆ ಕೂರಿಸ್ತೀನಿ. ಬರದಿದ್ರೆ ಒಂದನೇ ಕ್ಲಾಸಿಂದ ಶುರು ಮಾಡ್ಲಿ" ಅಂದರಂತೆ. ಒಂದನೇ ಕ್ಲಾಸು ಎಂದರೆ ಮೂಗು ಸುರಿಸುವ ಚಿಳ್ಳೆಪಿಳ್ಳೆಗಳ ನಡುವೆ ನಾನೊಬ್ಬ ಒಂಟೆ! ನನ್ನ ಜೊತೆಯವರೆಲ್ಲ ಮೂರನೇ ಕ್ಲಾಸಿನಲ್ಲಿ. ಅಂದು ಬೆಳಿಗ್ಗೆ ನಾನು ಮತ್ತೆ ಜಗಲಿಯ ಕಂಬ ತಬ್ಬಿಕೊಂಡೆ. ಅಕ್ಕ ಲಂಗದ ನಿರಿಗೆ ಸರಿಮಾಡಿಕೊಂಡು, "ನಾನೂ ಬರ್ತೀನಿ" ಎಂದು ಹೊರಟಳು.

ರಾತ್ರಿ ಮಳೆ ಬಿದ್ದು ದಾರಿಯೆಲ್ಲ ಒದ್ದೆ ಮಣ್ಣಿನ ವಾಸನೆ. ಶಾಲೆಯ ಹಿಂದೆ ಮಧ್ಯಾಹ್ನದ ಉಪ್ಪಿಟ್ಟಿಗೆ ಒಲೆ ಹೊತ್ತಿಸಿದ್ದರು. ಅಪ್ಪ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ನಿಂತರು. ಅಕ್ಕ ಕಿಟಕಿಯ ಹತ್ತಿರ ನಿಂತಳು. ಒಳಗೆ ಹೆಡ್‌ಮೇಷ್ಟ್ರು ಮೊದಲು ನನಗೆ ಪುಸ್ತಕ ಕೊಟ್ಟರು, ಓದಿದೆ. ನಾನು ಓದುತ್ತಿದ್ದ ಹಾಗೆ ಕಿಟಕಿಯಲ್ಲಿ ಅಕ್ಕನ ತುಟಿಯೂ ಆಡುತ್ತಿತ್ತು. "ಭೇಷ್" ಎಂದ ಹೆಡ್‌ಮೇಷ್ಟ್ರು ಬಳಪದ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, "ಎಣಿಸು, ಎಲ್ಲರಿಗೂ ಕೇಳಿಸ್ಬೇಕು" ಅಂದರು. ನಾನು ಮೊದಲ ಬಳಪ ಎತ್ತಿ ಪಕ್ಕಕ್ಕಿಟ್ಟು ಗಟ್ಟಿಯಾಗಿ ಕೂಗಿದೆ: "ಲಾಭ!"

ಇಡೀ ಶಾಲೆ ಗೊಳ್ಳೆಂದು ನಕ್ಕಿತು. ಅಯ್ಯೋ, ಆ ನಗು! ಅದಕ್ಕೆ ಹೆದರಿಯೇ ನಾನು ವರ್ಷವಿಡೀ ಮನೆಯಲ್ಲಿದ್ದದ್ದು. ಎರಡನೇ ಬಳಪ ಎತ್ತಿದವನು ಹಾಗೇ ಕೆಳಗಿಟ್ಟೆ. ಎರಡು ಎನ್ನುವುದೂ ಬಾಯಿಗೆ ಬರಲಿಲ್ಲ. ಹೆಡ್‌ಮೇಷ್ಟ್ರು ಬಳಪಗಳನ್ನು ಮತ್ತೆ ಡಬ್ಬಿಗೆ ತುಂಬಿದರು. "ಎಣಿಕೆ ಬರಲ್ಲ ಅಂತ ಕಾಣುತ್ತೆ. ಇರ್ಲಿ, ಒಂದನೇ ಕ್ಲಾಸಲ್ಲಿ ಕೂರ್ಲಿ" ಅಂದರು. ಬಾಗಿಲಲ್ಲಿ ಅಪ್ಪ ತಲೆ ತಗ್ಗಿಸಿದರು. ನನಗೆ ಅಳು ಒತ್ತರಿಸಿ ಬಂತು.

ಆಗ ಕಿಟಕಿಯಿಂದ ಅಕ್ಕನ ದನಿ ಕೇಳಿಸಿತು. ಹೊರಗಿನವರ ಮುಂದೆ ಕತ್ತೆತ್ತಿಯೂ ನೋಡದವಳು. "ಸಾರ್, ಅವನಿಗೆ ಎಣಿಕೆ ಬರುತ್ತೆ ಸಾರ್. ಇಷ್ಟು ಜನ ನಕ್ರೆ ಬಾಯಿ ಕಟ್ಟಿಹೋಗುತ್ತೆ ಅಷ್ಟೆ. ಅಳೆಯೋವಾಗ ಎಣಿಸ್ತಾನೆ. ನಮ್ಮಪ್ಪ ಅಳೀಲಿ, ಇವನು ಕೂಗ್ಲಿ, ಒಂದ್ಸಲ ನೋಡಿ ಸಾರ್."

ಹೆಡ್‌ಮೇಷ್ಟ್ರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಉಪ್ಪಿಟ್ಟಿನ ರವೆ ಅಳೆದುಕೊಡಲಿ ಎಂದು ಅಡುಗೆಯಾಕೆ ಪಾತ್ರೆ ಹಿಡಿದು ಆಗಲೇ ಕಾಯುತ್ತಿದ್ದಳು. "ಸರಿ, ಅದೂ ಆಗ್ಲಿ" ಎಂದು ರವೆಯ ಮೂಟೆ ತರಿಸಿದರು. ಅಪ್ಪ ಕುಕ್ಕರುಗಾಲಲ್ಲಿ ಕೂತು ಸೇರು ತುಂಬಿದರು. ಅಕ್ಕ ಒಳಗೆ ಬಂದು ಪಾತ್ರೆ ಹಿಡಿದಳು. ಗೋಧಿ ರವೆಯ ವಾಸನೆ ನಮ್ಮ ಕಣದ ವಾಸನೆಗೆ ಹತ್ತಿರವಾಗಿತ್ತು. ಅಪ್ಪ ನನ್ನ ಮುಖ ನೋಡಿ ಎಂದಿನ ಹಾಗೆ, "ಹೂಂ, ಕೂಗು ಮಗ" ಅಂದರು.

"ಲಾಭ" ಅಂದೆ, ಸಣ್ಣಗೆ. ಯಾರೋ ಕಿಸಕ್ಕೆಂದರು. ರವೆ ಸುರ್ರೆಂದು ಬಿತ್ತು. "ಎರಡು" ಅಂದೆ. ಮೂರಕ್ಕೆ ಹಿಂದಿನ ಸಾಲಿನಿಂದ ಒಬ್ಬ ದನಿಗೂಡಿಸಿದ, ನಾಲ್ಕಕ್ಕೆ ಇನ್ನೂ ನಾಲ್ವರು. ಆಮೇಲೆ ಇಡೀ ಶಾಲೆಯೇ ನನ್ನ ಹಿಂದೆ ಕೂಗತೊಡಗಿತು. ಅವರೂ ರಾಗಿ ಬೆಳೆಯುವವರ ಮಕ್ಕಳೇ ಅಲ್ಲವೇ? ಅವರ ಕಣದಲ್ಲೂ ಯಾರೂ 'ಒಂದು' ಅನ್ನುತ್ತಿರಲಿಲ್ಲ. ಮನೆಯ ಮಾತು ಶಾಲೆಯೊಳಗೆ ಬಂದದ್ದಕ್ಕೆ ಅವರಿಗೆ ನಗು ಬಂದಿತ್ತು, ಅಷ್ಟೆ. ಪಾತ್ರೆ ತುಂಬಿದರೂ ನಾನು ನಿಲ್ಲಿಸಲಿಲ್ಲ. ಹೆಡ್‌ಮೇಷ್ಟ್ರೇ ಕೈ ಎತ್ತಿ, "ಸಾಕಪ್ಪಾ ಸಾಕು! ಉಪ್ಪಿಟ್ಟು ತಿನ್ನೋರು ಇಷ್ಟೇ ಜನ. ಲಾಭ ಅಂದ್ರೆ ಎಷ್ಟೋ?" ಎಂದು ಕೇಳಿದರು.

"ಒಂದು ಸಾರ್. ಆದ್ರೆ ಹಂಗನ್ಬಾರ್ದು" ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನನ್ನನ್ನು ಚುಚ್ಚಲಿಲ್ಲ. "ಹೋಗು, ಮೂರನೇ ಕ್ಲಾಸಲ್ಲಿ ಕೂತ್ಕೋ" ಎಂದವರು ಅಕ್ಕನ ಕಡೆ ತಿರುಗಿ, "ಚೆನ್ನಾಗಿ ಹೇಳ್ಕೊಟ್ಟಿದೀಯಮ್ಮಾ" ಅಂದರು. ಅಕ್ಕನ ಮುಖ ಕೆಂಪಾಯಿತು. ನನ್ನ ಜೊತೆಯವರು ಸರಿದು ಜಾಗ ಕೊಟ್ಟರು. ಕೂತು ಸುತ್ತ ನೋಡಿದರೆ ಅಕ್ಕ ಮತ್ತೆ ಕಿಟಕಿಗೆ ಹೋಗಿದ್ದಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಕರಿಹಲಗೆಯನ್ನು. "ಬಾರವ್ವ, ಹೊತ್ತಾಯ್ತು" ಎಂದು ಅಪ್ಪ ಕರೆದ ಮೇಲೂ ಅವಳು ತಕ್ಷಣ ಕದಲಲಿಲ್ಲ.

ಸಂಜೆ ನಾನು ಕುಣಿಯುತ್ತಾ ಮನೆಗೆ ಬಂದೆ. ಗೆಳೆಯರು ಹುಣಸೆ ಮರದ ಹತ್ತಿರ ಕರೆಯುತ್ತಿದ್ದರು. ಅಕ್ಕ ಜಗಲಿಯ ಮೇಲೆ ಮೊರ ಹರಡಿಕೊಂಡು ಕೂತಿದ್ದಳು. "ಇವತ್ತೇನು ಹೇಳ್ಕೊಟ್ರು? ಮೊದಲಿಂದ ಹೇಳು, ಏನೂ ಬಿಡ್ಬೇಡ ಕಣೋ" ಅಂದಳು. ನಿಮ್ಮ ಹಾಗೆಯೇ ನನಗೂ ರೇಗಿತು. ಪರೀಕ್ಷೆ ಮುಗಿಯಿತಲ್ಲ, ಇವಳದ್ದೊಂದು ಬೇರೆ ಪರೀಕ್ಷೆಯೇ ಅಂದುಕೊಂಡು ಒಂದೆರಡು ಮಾತು ಒದರಿದೆ. ನೋಡಿದರೆ ಅವಳು ನನಗೆ ಬರೆಸುತ್ತಿಲ್ಲ, ತಾನೇ ಬರೆದುಕೊಳ್ಳುತ್ತಿದ್ದಾಳೆ. ನಾನು ಹೇಳಿದ್ದನ್ನೆಲ್ಲ ರಾಗಿಯ ಮೇಲೆ ಬೆರಳಿಂದ ಬರೆದು, "ಆಮೇಲೆ?" ಎಂದು ತಲೆ ಎತ್ತಿದಳು. ಗೆಳೆಯರಿಗೆ ಬರುವುದಿಲ್ಲ ಎಂದು ಕೂಗಿ ಹೇಳಿ ಅವಳ ಮುಂದೆ ಕೂತೆ. ಅಂದಿನಿಂದ ನಾನು ಹೈಸ್ಕೂಲು ಮುಗಿಸುವ ತನಕ, ನಾನು ಕಲಿತದ್ದನ್ನೆಲ್ಲ ಅಕ್ಕನೂ ಕಲಿತಳು.

ಈಗ ನೋಡಿ. ವಿಜಯನಗರದ ಈ ಎರಡನೇ ಮಹಡಿಯಲ್ಲಿ ನಿಮಗೆ ಓದಲು ಬಣ್ಣದ ಪುಸ್ತಕ, ಟ್ಯಾಬು, ಗೋಡೆಯ ತುಂಬ ಭೂಪಟ. ನಿಮ್ಮಮ್ಮ ಮಾರ್ಕೆಟ್ಟಿಗೆ ಕರೆದೊಯ್ದು ತೂಕ ಕಲಿಸುತ್ತಾಳೆ, ಮೆಟ್ರೋದಲ್ಲಿ ಕೂರಿಸಿ ಬೋರ್ಡು ಓದಿಸುತ್ತಾಳೆ. ನಿಮ್ಮ ಮುಖ ಬಾಡಿದರೆ ಪುಸ್ತಕ ಮುಚ್ಚಿ ಪಾರ್ಕಿಗೆ ಕಳಿಸುತ್ತಾಳೆ. ಸರಿಯಾಗಿ ಕಲಿಸುತ್ತಿದ್ದೇನೋ ಇಲ್ಲವೋ ಎಂದು ಆಗಾಗ ನನ್ನ ಹತ್ತಿರ ಬಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾಳೆ, ಅದು ನಿಮಗೆ ಗೊತ್ತಿಲ್ಲ. ನಾಳೆ ನೀವೂ ಶಾಲೆಗೆ ಹೋಗಬಹುದು, ಯಾರಾದರೂ ನಗಬಹುದು. ನಕ್ಕವರೇ ಆಮೇಲೆ ನಿಮ್ಮ ಜೊತೆ ದನಿಗೂಡಿಸುತ್ತಾರೆ, ಹೆದರಬೇಡಿ.

ಇನ್ನು ಕೆಂಗೇರಿ ಉಪನಗರದಲ್ಲಿ ನನ್ನ ಅಕ್ಕ. ದೀಪ ಹಚ್ಚಿ, ಕನ್ನಡಕ ಹಾಕಿಕೊಂಡು, ಈಗ ಫೋನ್ ಕೈಗೆ ತೆಗೆದುಕೊಂಡಿರುತ್ತಾಳೆ. ಅವಳು ನಿಮ್ಮನ್ನು ಟೆಸ್ಟ್ ಮಾಡುತ್ತಿಲ್ಲ ಮಕ್ಕಳೇ. ಶಾಲೆಗೆ ಬರುತ್ತಿದ್ದಾಳೆ. ಹೋಗಿ, ಆ ದಿಂಬು ಎತ್ತಿ.