ಕಲಗಚ್ಚಿನ ತೊಟ್ಟಿಯೊಳಗಿನ ಪೈಪು

ಬಾಣಂತಿಗೆ ಭೇದಿ ಹತ್ತಿದರೆ ಮನೆಯವರು ಮೊದಲು ನೋಡೋದು ಯಾರ ಮುಖ? ಸೊಸೆಯ ಮುಖ. ನಲ್ಲಿ ಕಡೆ ಯಾರೂ ನೋಡಲ್ಲ. ಇವತ್ತು ನೆನೆಸಿಕೊಂಡರೂ ನನಗೆ ಮೈಯೆಲ್ಲ ಉರಿಯುತ್ತೆ.

ನಾದಿನಿ, ಅಂದರೆ ನನ್ನ ಗಂಡನ ತಂಗಿ, ಚೊಚ್ಚಲ ಬಾಣಂತನಕ್ಕೆ ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದಳು. ನಾನು ಬೇಲೂರಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಮನಸ್ಸು ಬಿಚ್ಚಿ ನಕ್ಕವಳು ಅವಳೊಬ್ಬಳೇ. ಅದಕ್ಕೇ ಆಫೀಸಿಗೆ ರಜೆ ಹಾಕಿ ಅವಳ ಅಡುಗೆ ನಾನೇ ವಹಿಸಿಕೊಂಡೆ. ಬೆಳ್ಳುಳ್ಳಿ, ಮೆಣಸು ಹಾಕಿದ ಸಾರು, ಬಿಸಿ ಅನ್ನ, ಮೇಲೆ ತುಪ್ಪ. ಮೊದಮೊದಲು ಚೆನ್ನಾಗೇ ಇದ್ದಳು. ಆಮೇಲೆ ಶುರುವಾಯಿತು ನೋಡಿ, ವಾಂತಿ, ಭೇದಿ. ಡಾಕ್ಟರು ಮಾತ್ರೆ ಕೊಟ್ಟರು, ನೀರು ಕುದಿಸಿ ಕುಡಿಸಿ ಅಂದರು. ಸ್ವಲ್ಪ ನಿಲ್ಲೋದು, ಮತ್ತೆ ಶುರು. ಎದೆಹಾಲು ಬತ್ತುತ್ತಾ ಬಂತು. ಕೂಸು ಕಚ್ಚಿ ಕಚ್ಚಿ ಸಾಕಾಗಿ ಕಿರುಚೋದು, ಇವಳು ಗೋಡೆಗೆ ಮುಖ ತಿರುಗಿಸಿ ಅಳೋದು.

"ನೀನು ಮಾಡೋ ಅಡುಗೇಲೇ ಏನೋ ಐತೆ ಕಣೇ," ಅಂದರು ಅತ್ತೆ. "ಆಫೀಸಿಗೆ ಹೋಗೋರಿಗೆ ಅಚ್ಚುಕಟ್ಟು ಎಲ್ಲಿಂದ ಬತ್ತೈತೆ?"

"ಅತ್ತೆ, ನೀರೇ ಒಂಥರಾ ಹುಳಿ ವಾಸನೆ ಬರ್ತಿದೆ. ಕುದಿಸಿ ಕೊಡೋಣ."

"ಕುದಿಸಿದ್ರೆ ಹೊಸ ನೀರಿನ ಸತ್ವ ಉಳಿತದಾ? ನನಗೆ ಹೇಳ್ಕೊಡಕ್ಕೆ ಬರಬೇಡ."

ಈ ಹೊಸ ನೀರಿನ ಕಥೆ ಹೇಳಬೇಕು. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರಲ್ಲ. ಬಂದ ದಿನ ಅಡುಗೆಮನೆ ನಲ್ಲಿಯ ಮೊದಲ ಬಿಂದಿಗೆಯನ್ನು ಅತ್ತೆಯೇ ಹಿಡಿಯಬೇಕು, ದೇವರ ಮುಂದೆ ಇಡಬೇಕು. ಬಾಣಂತಿ ಇದ್ದರೆ ಆ ಬಿಂದಿಗೆ ಬಾಣಂತಿಗೇ ಮೀಸಲು. ಉಗುರು ಬೆಚ್ಚಗೆ ಮಾಡಿ ಕುಡಿಸೋದು, ಅಷ್ಟೇ. ಅದನ್ನು ಮುಟ್ಟೋ ಹಕ್ಕು ನನಗಿರಲಿಲ್ಲ. ಆದರೆ ಬೈಸಿಕೊಳ್ಳೋ ಹಕ್ಕು ಮಾತ್ರ ಪೂರ್ತಿ ನನ್ನದೇ!

ನನ್ನ ಗಂಡನೋ, ಮಹಾನುಭಾವ, "ಅಮ್ಮನಿಗೆ ಎದುರು ಮಾತಾಡಬೇಡ" ಅಂದು ಪೇಪರ್ ಹಿಡಿದು ಕೂರೋರು. ಕೊನೆಗೆ ತಾಯಿ ಮಗ ಸೇರಿ ತೀರ್ಮಾನ ಮಾಡಿದರು. ನನ್ನ ಅಡುಗೆ ಆಗಿಬರಲ್ಲ, ಬಾಣಂತಿಯನ್ನು ಗಂಡಸಿಯಲ್ಲಿರೋ ಚಿಕ್ಕಮ್ಮನ ಮನೆಗೆ ಸಾಗಿಸೋದು. ಎದ್ದು ನಿಂತರೆ ತಲೆ ಸುತ್ತಿ ಬೀಳೋ ಹಸಿ ಬಾಣಂತಿಯನ್ನು ಕಾರಿನಲ್ಲಿ ಕುಲುಕಿಸಿಕೊಂಡು ಹೋಗ್ತಾರಂತೆ! ದಾರಿಯಲ್ಲಿ ಅವಳಿಗೆ ಏನಾದರೂ ಆದರೆ ಯಾರು ಹೊಣೆ? 

ಅವರು ಹೊರಡೋಕೆ ಮುಂಚೆ, ನಲ್ಲಿ ನೀರು ಬಂದ ದಿನ ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಕೂತಿದ್ದೆ. ಅಲ್ಲೇ ಹಸುವಿನ ಕಲಗಚ್ಚಿನ ತೊಟ್ಟಿ. ಅಕ್ಕಿ ತೊಳೆದ ನೀರು, ಹಳಸಿದ ಸಾರು, ಹಿಂಡಿ, ಎಲ್ಲ ಅದರೊಳಗೇ. ಹಿತ್ತಲ ನಲ್ಲಿಗೆ ಹಳೇ ಸೀರೆ ಚೂರಿನಿಂದ ಬಿಗಿದ ಪೈಪನ್ನು ತೊಟ್ಟಿಯ ತಳದವರೆಗೆ ಇಳಿಬಿಟ್ಟಿರುತ್ತಾರೆ ಅತ್ತೆ. ನೀರು ಎಗರಿ ಪೋಲಾಗಬಾರದಂತೆ. ನಲ್ಲಿ ಸದಾ ತೆರೆದೇ ಇರುತ್ತೆ, ನೀರು ಬಂದಾಗ ತಾನೇ ತುಂಬಲಿ ಅಂತ.

ನೀರು ನಿಂತಿತು. ನಿಂತದ್ದೇ ತಡ, ನಲ್ಲಿಯೊಳಗೆ ಗೊರ್ ಅಂತ ಸದ್ದು. ನೋಡುತ್ತೀನಿ, ತೊಟ್ಟಿಯ ನೀರು ಇಳಿಯುತ್ತಿದೆ! ಹಸು ದೂರದ ಗೂಟದಲ್ಲಿತ್ತು, ತೊಟ್ಟಿಯಲ್ಲಿ ಬಿರುಕಿರಲಿಲ್ಲ. ಪೈಪನ್ನು ಮೇಲೆತ್ತಿದೆ, ಬರೀ ಗಾಳಿ ಎಳೆದುಕೊಂಡಿತು, ತೊಟ್ಟಿಯ ನೀರು ಅಲ್ಲೇ ನಿಂತಿತು. ಮತ್ತೆ ಮುಳುಗಿಸಿದೆ, ಮತ್ತೆ ಇಳಿಯಿತು. ಆಗ ಹೊಳೆಯಿತು. ಬೀದಿಯ ಕೊಳವೆ ಖಾಲಿಯಾಗುತ್ತಾ ಹಿಂದಕ್ಕೆ ಎಳೆಯುತ್ತಿದೆ. ಪೈಪಿನ ಬಾಯಿ ನೀರಿಗಿಂತ ಒಂದು ಗೇಣು ಮೇಲಿದ್ದಿದ್ದರೆ ಗಾಳಿ ಹೋಗುತ್ತಿತ್ತು, ಮುಗಿಯುತ್ತಿತ್ತು. ಮುಳುಗಿಸಿದ್ದರಿಂದ ಕಲಗಚ್ಚು ಮನೆಯ ಕೊಳವೆಗೆ ನುಗ್ಗಿ ಅಲ್ಲೇ ಕೂರುತ್ತೆ. ಮತ್ತೆ ನೀರು ಬಿಟ್ಟಾಗ ಅಡುಗೆಮನೆ ನಲ್ಲಿಯಲ್ಲಿ ಎಲ್ಲಕ್ಕಿಂತ ಮೊದಲು ಬೀಳೋದು ಅದೇ. ಮೊದಲ ಬಿಂದಿಗೆಗೆ! ಸಿಂಕಿನ ನಲ್ಲಿಗೆ ಪೈಪು ಸಿಕ್ಕಿಸಿ ಮುಸುರೆ ಬೇಸಿನ್ನಿಗೆ ಇಳಿಬಿಟ್ಟಿರೋದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೀನೋ, ಅಲ್ಲೂ ಇದೇ ಗತಿ.

ಹೇಳಿದರೆ ನಂಬುತ್ತಾರಾ? ನೀರು ಹಿಂದಕ್ಕೆ ಹೋಗುತ್ತಾ, ತಲೆ ಕೆಟ್ಟಿದೆಯಾ ಅಂತಾರೆ. ಒಳಗೆ ಓಡಿ ಅರಿಶಿನದ ಡಬ್ಬಿ ತಂದು ಪೂರ್ತಿ ತೊಟ್ಟಿಗೆ ಸುರಿದು ಕಲಸಿದೆ. ಕುಡಿ, ಎಳಕೊಂಡು ಕುಡಿ ಅಂತ ಕೊಳವೆಗೇ ಬೈದೆ. ಆಮೇಲೆ ದೇವರ ಮುಂದಿದ್ದ ಬಿಂದಿಗೆಯನ್ನು ಬಚ್ಚಲಿಗೆ ಚೆಲ್ಲಿ, ಅತ್ತೆಗೆ ಗೊತ್ತಾಗದ ಹಾಗೆ ಕುದಿಸಿ ಆರಿಸಿದ ನೀರು ತುಂಬಿಟ್ಟೆ.

ಮತ್ತೆ ನೀರು ಬಂದದ್ದು ಗಂಡಸಿಗೆ ಹೊರಡೋ ದಿನವೇ. ಕಾರು ಬಾಗಿಲಲ್ಲಿ ನಿಂತಿತ್ತು. ನಾದಿನಿ ಕೂಸನ್ನು ಎದೆಗವಚಿಕೊಂಡು ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ನನ್ನ ಗಂಡ ಬ್ಯಾಗು ಹಿಡಿದಿದ್ದರು. ದಾರಿಗೆ ಬೇಕು ಅಂತ ಅತ್ತೆ ಬಿಂದಿಗೆ ಒಡ್ಡಿ ನಲ್ಲಿ ತಿರುಗಿಸಿದರು. ಹಳದಿ ನೀರು ಬಿತ್ತು. ಜೊತೆಗೆ ಎರಡು ಅನ್ನದ ಅಗುಳು.

"ಅಯ್ಯೋ ಶಿವನೇ, ಇದೇನೇ ಇದು?"

"ಕಲಗಚ್ಚು, ಅತ್ತೆ! ಹಿತ್ತಲ ತೊಟ್ಟಿಗೆ ಅರಿಶಿನ ಸುರಿದವಳು ನಾನೇ. ನೀವು ಮುಳುಗಿಸಿಟ್ಟ ಪೈಪು ಎಳಕೊಂಡು ಬಂದಿದೆ. ಇಷ್ಟು ದಿನ ನಿಮ್ಮ ಮಗಳಿಗೆ ಕುಡಿಸಿದ್ದು ಇದನ್ನೇ, ಹಸು ಬಾಯಿಟ್ಟ ಎಂಜಲನ್ನ! ನನ್ನ ಸಾರಲ್ಲ!"

"ಮೆಲ್ಲಗೆ ಮಾತಾಡೇ, ಡ್ರೈವರ್ ಕೇಳಿಸ್ಕೋತಾನೆ," ಅಂದರು ಗಂಡ.

"ಕೇಳಿಸ್ಕೊಳ್ಳಲಿ ರೀ! ಇಡೀ ಬೀದಿ ಕೇಳಿಸ್ಕೊಳ್ಳಲಿ!"

ಕುಡುಗೋಲು ತಗೊಂಡು ಹಿತ್ತಲಿಗೆ ಹೋಗಿ ಆ ಪೈಪನ್ನು ತೊಟ್ಟಿಯ ಅಂಚಿಗಿಂತ ಒಂದು ಗೇಣು ಮೇಲಕ್ಕೇ ಕತ್ತರಿಸಿ ಬಿಸಾಕಿದೆ. ನೀರು ಎಗರಿ ನೆಲವೆಲ್ಲ ಒದ್ದೆಯಾಯಿತು. ಆಗಲಿ, ನೆಲ ಒದ್ದೆಯಾದರೆ ಯಾರೂ ಸಾಯಲ್ಲ.

ಒಳಗೆ ಬಂದಾಗ ಅತ್ತೆ ಬಿಂದಿಗೆಗೆ ಮೂಗೊಡ್ಡಿ ನೋಡಿ ಅಲ್ಲೇ ಕುಸಿದು ಕೂತಿದ್ದರು. ಅವರ ಕೈಯಲ್ಲಿ ಕೂಸಿಗೆ ಕುಡಿಸೋ ಬೆಳ್ಳಿ ಒಳಲೆ ಇತ್ತು, ತೊಳೆದು ಫಳಫಳ ಮಾಡಿದ್ದು.

ನಾದಿನಿ ಅದನ್ನು ನೋಡಿದಳು.  "ಅಮ್ಮ, ಕೂಸಿಗೂ ಕುಡಿಸಿದ್ಯಾ?"

"ಇಲ್ಲ ಕಣೇ," ಅಂದರು ಅತ್ತೆ. "ನಿನಗೆ ಹಾಲು ಸಾಲ್ದು ಅಂತ ಇವತ್ತಿಂದ ಶುರು ಮಾಡಣ ಅಂತಿದ್ದೆ."

ನಾನು ಅವರ ಕೈಯಿಂದ ಒಳಲೆ ಕಿತ್ತುಕೊಂಡೆ. ಅವರು ತಡೆಯಲಿಲ್ಲ.