ಬಸಂತರಾಯ ಮಾಸ್ತರರ ಷರಾ

ಇಂಡಿ ಬಸ್ ನಿಲ್ದಾಣದ ಎದುರಿಗೆ ಯುನೂಸನ ಚಹಾದಂಗಡಿ. ಅದರ ಹೊರಗೋಡೆಗೆ ಒಂದು ಕರಿಹಲಗೆ ಇದೆ. ಅದು ಅಂಗಡಿಯದಲ್ಲ, ನಿವೃತ್ತ ಕನ್ನಡ ಮಾಸ್ತರು ಬಸಂತರಾಯರದು. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಅವರು ಬರುತ್ತಾರೆ, ಒದ್ದೆ ಅರಿವೆಯಿಂದ ಹಲಗೆ ಒರೆಸುತ್ತಾರೆ, ಆ ವಾರ ಸುತ್ತಲಿನ ಊರುಗಳಲ್ಲಿ ಎಲ್ಲಿ ನಾಟಕ, ಎಲ್ಲಿ ಕತೆ ಓದುವುದಿದೆ ಎಂದು ದುಂಡಗೆ ಬರೆಯುತ್ತಾರೆ. ಮುದ್ದೇಬಿಹಾಳದಲ್ಲಿ ಹವ್ಯಾಸಿಗಳ ನಾಟಕವಿರಲಿ, ಬಸವನ ಬಾಗೇವಾಡಿಯ ಕವಿಗೋಷ್ಠಿಯಿರಲಿ, ಶುರುವಾಗುವ ಹೊತ್ತಿನ ಪಕ್ಕದಲ್ಲಿ ತಿರುಗಿ ಬರುವ ಕೊನೆಯ ಬಸ್ಸಿನ ಹೊತ್ತೂ ಇರಲೇಬೇಕು. ಕೊನೆಯ ಬಸ್ಸು ಹೇಳದೆ ಕರೆಯುವುದು ಕರೆಯೇ ಅಲ್ಲ ಎಂಬುದು ಅವರ ಖಡಾಖಂಡಿತ ಮಾತು.

ಎಲ್ಲಕ್ಕೂ ಕೊನೆಗೆ, ಸಾಲಿಯ ಹಾಜರಿ ಪುಸ್ತಕದಲ್ಲಿ ಇರುವಂತೆ, ಒಂದು ಷರಾ ಕಾಲಂ. ಅಲ್ಲಿ ‘ಹೋಗಬಹುದು’ ಎಂದಿದ್ದರೆ ಬೇರೆ ಕೆಲಸವಿಲ್ಲದಿದ್ದರೆ ಹೋಗಿ ಎಂದರ್ಥ. ‘ಹೋಗಬೇಕು’ ಎಂದಿದ್ದರೆ ಕೆಲಸ ಬಿಟ್ಟು ಹೋಗಬೇಕು. ‘ಉಪ್ಪಿಟ್ಟು ರುಚಿಯಾಗಿರುತ್ತದೆ’ ಎಂದು ಬರೆದರೆ ಬಲ್ಲವರೇ ಬಲ್ಲರು. ಏನೂ ಬರೆಯದೆ ಬಿಟ್ಟರಂತೂ ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಒಮ್ಮೆ ಒಡಹುಟ್ಟಿದ ತಮ್ಮ ಅನೀಲಕುಮಾರ ರಾಜನ ಪಾತ್ರ ಹಾಕಿದ್ದ ನಾಟಕದ ಮುಂದೆಯೂ ಮಾಸ್ತರರು ಷರಾ ಖಾಲಿ ಬಿಟ್ಟರು. ತಮ್ಮ ಎರಡು ಸಂಕ್ರಮಣ ಅಣ್ಣನ ಹೊಸ್ತಿಲು ತುಳಿಯಲಿಲ್ಲ. ಆದರೆ ಊರಿಗೆ ಅಂದಿನಿಂದ ಹಲಗೆಯ ಮಾತೆಂದರೆ ಮಾತು.

ಇಂಥ ನ್ಯಾಯಾಧೀಶರ ಮನೆಯಲ್ಲೇ ಒಂದು ಖಟ್ಲೆ ಹುಟ್ಟಿತು. ಹೆಂಡತಿ ಸುನಂದಾಬಾಯಿ ಅರವತ್ತರ ಹೆಂಗಸು. ಒಲೆಯ ಮೇಲಿನ ಹಾಲು ಕಾಯುವಷ್ಟರಲ್ಲಿ, ಹಳೆಯ ನೋಟ್‌ಬುಕ್ಕುಗಳ ಹಿಂದಿನ ಹಾಳೆಗಳಲ್ಲಿ ಏನೇನೋ ಬರೆಯುತ್ತ ಬಂದವಳು. ಸಿಂದಗಿಯ ಓದುಗರ ಬಳಗದವರಿಗೆ ಅದು ಹೇಗೋ ತಿಳಿದು, ಭಾನುವಾರ ಮಧ್ಯಾಹ್ನ ಮೂರಕ್ಕೆ ಬಂದು ಒಂದು ಕತೆ ಓದಿರಿ ಎಂದು ಕರೆದರು. ಆಕೆ ಹೂಂ ಅಂದದ್ದು ಮೊದಲು, ಹೆದರಿದ್ದು ಆಮೇಲೆ. ಗಂಡನಿಗೆ ಒಂದೇ ಮಾತು ಹೇಳಿದಳು: “ಈ ಸಲ ಓದಾಕ ಆಗಲಿಲ್ಲಂದ್ರ, ಇನ್ನ ಬರಿಯೂದೂ ಬಿಡ್ತೇನಿ ನೋಡ್ರಿ.”

ಕತೆ ಆಕೆಯ ತಾಯಿ ಚನ್ನವ್ವನದು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೆಯ ಕೊಲ್ಹಾರ ಖಾಲಿ ಮಾಡುವಾಗ, ಜನ ಪಾತ್ರೆಪಗಡ ಹೇರಿದರೆ ಚನ್ನವ್ವ ಮನೆಯ ಹೊಸ್ತಿಲನ್ನೇ ಕೀಳಿಸಿ ಗಾಡಿಗೆ ಹೇರಿದಳು. ಹೊಸ ಮನೆಯ ಬಾಗಿಲು ನೋಡಿದರೆ ಸಣ್ಣದು. ಗೋಡೆ ಕಟ್ಟುವ ಗೌಂಡಿ ಗರಗಸ ತಂದ. ಆಗ ಚನ್ನವ್ವ ಅವನಿಗೆ ಅಂದ ಮಾತೇ ಕತೆಯ ಜೀವ.

ಮಾಸ್ತರರು ಕತೆಯನ್ನು ಕೆಂಪು ಪೆನ್ನು ಹಿಡಿದೇ ಓದಿದರು. ಮೂವತ್ತಾರು ವರ್ಷದ ಚಟ, ಬಿಡುತ್ತದೆಯೇ? ಮನಿ ಇದ್ದಲ್ಲಿ ಮನೆ ಬಂತು, ಐತಿ ಇದ್ದಲ್ಲಿ ಇದೆ ಬಂತು. ಸುನಂದಾಬಾಯಿ ಜಾಣ ಹುಡುಗಿಯಂತೆ ಎಲ್ಲ ನಕಲು ಮಾಡಿ, ಶುಕ್ರವಾರ ಸಂಜೆ ಓದಿ ತೋರಿಸಿದಳು. ಒಂದೂ ತಪ್ಪಿರಲಿಲ್ಲ. ಚನ್ನವ್ವನೂ ಇರಲಿಲ್ಲ. ಕತೆ ಸಪ್ಪಗಾಗಿದೆ ಎಂದು ಮಾಸ್ತರರಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಊರಿನ ತಪ್ಪನ್ನೆಲ್ಲ ಹೆಕ್ಕುವ ಕಣ್ಣಿಗೆ ತನ್ನ ಕೈಯ ತಪ್ಪು ಕಡೆಗೇ ಕಾಣುವುದು.

ಶನಿವಾರ ಮಾಸ್ತರರು ಹಲಗೆ ಒರೆಸಿದರು. ಸಿಂದಗಿ, ಸುನಂದಾಬಾಯಿಯ ಕತೆ, ಮೂರು ಗಂಟೆ, ಕೊನೆಯ ಬಸ್ಸು ಏಳೂಕಾಲು. ಇಷ್ಟು ಬರೆದು ನಿಂತರು. ‘ಹೋಗಬೇಕು’ ಎಂದರೆ ಹನ್ನೊಂದು ವರ್ಷದ ಹಲಗೆ ಸುಳ್ಳಾಗುತ್ತದೆ. ಖಾಲಿ ಬಿಟ್ಟರೆ ಮನೆಯವಳ ಎದೆ ಒಡೆಯುತ್ತದೆ.

“ಮಾಸ್ತರ, ಅಕ್ಕಾರ ಹೆಸರಿನ ಮುಂದ ಷರಾ ಬಿಟ್ಟೀರಲ್ರಿ?” ಅಂದ ಯುನೂಸ.

“ಬಿಟ್ಟೇನಿ,” ಎಂದು ಮಾಸ್ತರರು ಅರ್ಧ ಚಹಾ ಅಲ್ಲಿಯೇ ಇಟ್ಟು ಹೋದರು.

ಭಾನುವಾರ ಬಸ್ಸಿಗೆ ಬಂದ ಸುನಂದಾಬಾಯಿ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದಳು, ಸಿಂದಗಿಯವರೆಗೂ ಕಿಟಕಿಯ ಹೊರಗೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರರಿಗೆ ಅನಿಸಿತು.

ವಾಚನಾಲಯದ ಕೋಣೆಯಲ್ಲಿ ಹತ್ತೊಂಬತ್ತು ಜನರಿದ್ದರು. ಆಕೆಯ ದನಿ ಮೊದಲ ಪುಟದಲ್ಲೇ ಸೋತಿತು. ಒಬ್ಬರು ಫ್ಯಾನು ನೋಡಿದರು, ಇನ್ನೊಬ್ಬರು ಮೊಬೈಲು. ಗೌಂಡಿ ಗರಗಸ ತರುವ ಜಾಗ ಬಂತು. ‘ಹೊಸ್ತಿಲನ್ನು ಕತ್ತರಿಸಬೇಡ, ತಮ್ಮ. ಗೋಡೆಯನ್ನು ಒಡೆದು ಬಾಗಿಲನ್ನು ಅಗಲಗೊಳಿಸು’ ಎಂದು ಓದಬೇಕಿತ್ತು. ಸುನಂದಾಬಾಯಿ ನಿಂತಳು. ಕಣ್ಣಿನ ಚಾಳೀಸು ತೆಗೆದಳು. ಹಾಳೆಗಳನ್ನು ಮಡಚಿ ಮೇಜಿನ ಮೇಲಿಟ್ಟಳು.

“ಇದು ನಮ್ಮ ಮನ್ಯಾರು ತಿದ್ದಿದ್ದರಿ. ನಮ್ಮವ್ವ ಹಿಂಗ ಮಾತಾಡತಿದ್ದಿಲ್ಲ. ನಾ ಬಾಯಿಲೇ ಹೇಳ್ತೇನಿ.”

ಮತ್ತೆ ಮೊದಲಿನಿಂದ ಹೇಳಿದಳು. ಗಾಡಿ ಬಂತು, ಹೊಸ್ತಿಲು ಬಂತು, ಗರಗಸ ಬಂತು. ಚನ್ನವ್ವ ಬಾಗಿಲಲ್ಲಿ ಸೆರಗು ಬಿಗಿದು ನಿಂತಳು. “ಹೊಸ್ತಲಾ ಕೊಯ್ಯಬ್ಯಾಡೋ ತಮ್ಮಾ. ಗ್ವಾಡಿ ಒಡಿ, ಬಾಗಲಾ ಅಗಲ ಮಾಡು.”

ಕೋಣೆ ನಕ್ಕಿತು. ಮುಂದಿನ ಸಾಲಿನ ಮುದುಕಿ ಗುಂಡವ್ವ ಮಾತ್ರ ಕಣ್ಣೊರೆಸಿಕೊಂಡಳು. ಅವಳ ತವರಿನ ಹೊಸ್ತಿಲು ನೀರಿನಲ್ಲೇ ಉಳಿದಿತ್ತು. ಹಿಂದೆ ಕೂತಿದ್ದ ಮಾಸ್ತರರ ಕಣ್ಣೂ ತುಂಬಿತು. ಗರಗಸ ಹಿಡಿದಿದ್ದ ಗೌಂಡಿ ತಾನೇ ಎಂದು ಅವರಿಗೆ ಆಗ ಗೊತ್ತಾಯಿತು. ಜೇಬಿನಲ್ಲಿದ್ದ ಕೆಂಪು ಪೆನ್ನು ನೆನೆದು ನಾಚಿಕೆಯಾಯಿತು, ಹೆಂಡತಿಯನ್ನು ನೋಡಿ ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೇ ಆಗಬಹುದೆಂದು ಅವರಿಗೆ ತಿಳಿದಿರಲಿಲ್ಲ.

ಮುಗಿದ ಕಾರ್ಯಕ್ರಮಕ್ಕೆ ಷರಾ ಬರೆಯುವ ಪದ್ಧತಿ ಹಲಗೆಗಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಮಾಸ್ತರರು ಸುನಂದಾಬಾಯಿಯನ್ನು ಕರೆದುಕೊಂಡೇ ಬಂದು, ಖಾಲಿ ಬಿಟ್ಟ ಜಾಗದಲ್ಲಿ ಬರೆದರು: ‘ಹೋಗಬೇಕಿತ್ತು.’

ಚಹಾ ಕುಡಿಯುತ್ತಿದ್ದವರು ಎದ್ದು ಬಂದು ಓದಿದರು. ಇನ್ನೊಮ್ಮೆ ಯಾವಾಗ ಎಂದು ಯುನೂಸ ಕೇಳಿದ. ಸುನಂದಾಬಾಯಿ ಗಂಡನ ಕೈಯಿಂದ ಸುಣ್ಣದ ಕಡ್ಡಿ ಇಸಿದುಕೊಂಡು ಕೆಳಗೆ ತನ್ನ ಸೊಟ್ಟ ಅಕ್ಷರದಲ್ಲಿ ಬರೆದಳು: ‘ಬರೂ ತಿಂಗಳ ಸಿಂದಗ್ಯಾಗ ಮತ್ತ ಐತಿ. ಬರ್ರಿ.’

ಮಾಸ್ತರರ ಕೈ ತಾನಾಗಿ ಒದ್ದೆ ಅರಿವೆಗೆ ಹೋಯಿತು. ಯುನೂಸ ನೋಡುತ್ತ ನಿಂತ. ಮಾಸ್ತರರು ಅರಿವೆಯನ್ನು ಹಿಂಡಿ, ಮಡಚಿ, ಚೀಲದೊಳಗೆ ಹಾಕಿದರು.

“ಕೊನೀ ಬಸ್ಸಿನ ಹೊತ್ತೂ ಬರಿ, ಸುನಂದಾ,” ಅಂದರು.