ಮೂರನೇ ಸಲ ಸಿಕ್ಕಿಬಿದ್ದವನು

ಮಹಾಯುದ್ಧದ ಕಾಲ, ಕಬ್ಬಿಣ ಸಿಗುತ್ತಿರಲಿಲ್ಲ. ತ್ಯಾಮಗೊಂಡ್ಲು ಹತ್ತಿರದ ನಮ್ಮ ಹೊಲದಲ್ಲಿ ಮಧ್ಯಾಹ್ನ ಎತ್ತುಗಳಿಗೆ ನೀರು ಕುಡಿಸಿ ಬರುವಷ್ಟರಲ್ಲಿ ಪಕ್ಕದೂರಿನವನೊಬ್ಬ ನನ್ನ ನೇಗಿಲಿನ ಕಬ್ಬಿಣದ ಗುಳ ಕಿತ್ತುಕೊಂಡು ಓಡುತ್ತಿದ್ದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಉತ್ತು ಗಟ್ಟಿಯಾದ ಕೈ ನನ್ನದು. ಬದುವಿನ ಮೇಲೆ ಕೆಡವಿ, ಮೂಗುಬಾಯಲ್ಲಿ ರಕ್ತ ಬರುವವರೆಗೂ ಗುದ್ದಿದೆ. ಠಾಣೆಗೆ ನಡೆ ಎಂದಾಗ ಅವನು ಕಾಲು ಹಿಡಿದುಕೊಂಡ.

“ಬ್ಯಾಡ ಕಣಣ್ಣ. ಎರಡು ಸಲ ಜೈಲಿಗೋಗಿ ಬಂದಿವ್ನಿ. ಮೂರನೇ ಸಲ ಅಂದ್ರೆ ಏಳೆಂಟು ವರ್ಸ ಹಾಕ್ತಾರೆ. ಬೇಕಾದ್ರೆ ಕೈ ಮುರ್ದಾಕು.”

ಹಳೇ ಕಳ್ಳರಿಗೆ ಶಿಕ್ಷೆ ಹೆಚ್ಚಿಸಿ ಸರ್ಕಾರ ಕಾಯಿದೆ ಬಿಗಿ ಮಾಡಿದ್ದು ನನಗೂ ಗೊತ್ತಿತ್ತು.

“ಕದ್ದ ಕೈ ಯಾವ್ದ್ಲಾ?” ಎಂದೆ.

ಅವನೇ ಬಲಗೈಯನ್ನು ಕಲ್ಲಿನ ಮೇಲಿಟ್ಟ. ಆ ಗುಳದಿಂದಲೇ ಹೊಡೆದೆ. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಅವನು ಕಿರುಚಿದ್ದಕ್ಕೆ ಎತ್ತುಗಳು ಬೆದರಿದವು, ದಾರಿಯಲ್ಲಿ ಹೋಗುತ್ತಿದ್ದ ಪೊಲೀಸಿನವನೂ ಬಂದ.

“ಯಾರೋ ಕೈ ಮುರ್ದಿದ್ದು?”

“ಮರದಿಂದ ಬಿದ್ದೆ ಸ್ವಾಮಿ,” ಎಂದ ಕಳ್ಳ.

ಪೊಲೀಸಿನವನು ನನ್ನ ಕಡೆ ತಿರುಗಿದ. “ನಿಂದೇನಾದ್ರೂ ಕಳುವಾಯ್ತೇನಪ್ಪಾ?”

ಅದುವರೆಗೆ ನಾನು ಯಾರ ಮುಂದೆಯೂ ಸುಳ್ಳು ಹೇಳಿದವನಲ್ಲ. ರಕ್ತ ಹತ್ತಿದ ಗುಳವನ್ನು ನೇಗಿಲಿಗೆ ಬಡಿದು ಕೂರಿಸುತ್ತಾ, “ಇಲ್ಲ ಸ್ವಾಮಿ,” ಎಂದೆ.